ಮನೆಮಗಳ ಬಾಕಿ

ಆಷಾಢದ ಕೊನೆಯ ಜಿಟಿಜಿಟಿ ಮಳೆ. ಅತ್ತ ಘಟ್ಟದಲ್ಲಿ ಸುರಿದ ನೀರೆಲ್ಲ ಕೃಷ್ಣೆಗೆ ಇಳಿದು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ರಬಕವಿಯ ಓಣಿಯಲ್ಲಿ ಮಾತ್ರ ಮಳೆಯ ಸಪ್ಪಳ ಯಾರಿಗೂ ಕೇಳುತ್ತಿರಲಿಲ್ಲ. ಬೆಳಗಿನಿಂದಲೇ ಪಾವರ್‌ಲೂಮುಗಳು ಖಟ್ ಖಟಾ ಖಟ್ ಎಂದು ಬಡಿದುಕೊಳ್ಳುತ್ತಿದ್ದವು.

ನಾಗರ ಪಂಚಮಿ ಹತ್ತಿರ ಬಂದಿತ್ತು. ಚನಮಲ್ಲಪ್ಪನವರ ಸೀರೆ ಅಂಗಡಿಯಲ್ಲಿ ಯಾರ ಕೈಗೂ ಬಿಡುವಿರಲಿಲ್ಲ. ಸಾಂಗ್ಲಿ, ಕೊಲ್ಹಾಪುರದ ವ್ಯಾಪಾರಿಗಳಿಗೆ ಗಂಟು ಕಟ್ಟಬೇಕು. ಅದಕ್ಕಿಂತ ಮೊದಲು ಮನೆಯ ಹೆಣ್ಣುಮಕ್ಕಳಿಗೆ ಸೀರೆ ತೆಗೆದಿಡಬೇಕು. ಚನಮಲ್ಲಪ್ಪನವರ ತಂಗಿ, ಅಣ್ಣತಮ್ಮಂದಿರ ಮಕ್ಕಳು, ಈ ಮನೆಗೆ ತಲೆಮಾರಿನಿಂದ ನೇಯ್ದುಕೊಟ್ಟವರ ಮಕ್ಕಳು... ಗಂಡನ ಮನೆಗೆ ಹೋದ ಎಲ್ಲರಿಗೂ ಪಂಚಮಿಗೊಂದು ಸೀರೆ.

"ಇದು ನಿಮ್ಮ ಕಸ್ತೂರೆವ್ವ ಅತ್ತಿಗಿ. ಹಸರಂದ್ರ ಆಕಿಗಿ ಜೀವಾ," ಎಂದು ತಾಯಿ ರುಕ್ಮವ್ವ ಕೆಂಪು ದಡಿಯ ಹಸಿರು ಸೀರೆಯೊಂದನ್ನು ಪಕ್ಕಕ್ಕಿಟ್ಟಳು.

ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಗಳು ಮಂಗಲಾ ಗುರುತು ಹಾಕಿಕೊಂಡಳು. ಸೀರೆ ಕೊಟ್ಟ ದಿನ ಬಿಲ್ಲು ಬರೆಯಬೇಕು. ಹೆಸರು, ಫೋನ್ ನಂಬರು, ಪೂರ್ತಿ ಬೆಲೆ.

ಆ ಮನೆಯದೊಂದು ಪದ್ಧತಿ. ಉಡುಗೊರೆ ಸೀರೆಯಾದರೂ ಹೆಣ್ಣುಮಗಳ ಹೆಸರಿನ ಮುಂದೆ ಸೊನ್ನೆ ಬರೆಯಬಾರದು! ಮನೆಮಗಳ ಮುಂದೆ ಸೊನ್ನೆ ಹಾಕಿದರೆ ತವರಿನ ನಂಟು ಹರಿದಂತೆ ಎಂದು ಹಿರಿಯರು ಪೂರ್ತಿ ಬೆಲೆಯನ್ನೇ ಬರೆದು, ಬಾಕಿ ಎಂದು ಬಿಡುತ್ತಿದ್ದರು. ಆ ಬಾಕಿಯನ್ನು ಯಾರೂ ಕೇಳಿದ್ದಿಲ್ಲ. ಯಾರೂ ಕೊಟ್ಟಿದ್ದೂ ಇಲ್ಲ.

ಬಿ.ಕಾಂ. ಮುಗಿಸಿ ಬಂದ ಮಂಗಲಾ ಅಪ್ಪನ ಲೆಕ್ಕವನ್ನೆಲ್ಲ ಕ್ಲೌಡ್ ಅಕೌಂಟಿಂಗ್ ಸಾಫ್ಟ್‌ವೇರಿಗೆ ಏರಿಸಿದಾಗ ಈ ಪದ್ಧತಿಯನ್ನೂ ಹಾಗೆಯೇ ಏರಿಸಿದ್ದಳು. ಆ ಲೆಕ್ಕವೆಂದರೆ ಅವಳ ಸ್ವಂತ ರಾಜ್ಯ. ಅಲ್ಲಿ ಅಪ್ಪನೂ ಕೇಳಿಯೇ ಒಳಗೆ ಬರಬೇಕು.

ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದು ನಿಂತರು. ಹೆಗಲ ತುಂಬ ಕರಿ ಕಂಬಳಿ. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕಂಬಳಿ ಬ್ಯಾಡಪಾ. ಮುಂದಿನ ಮನಿಗಿ ಹೋಗು," ಎಂದಳು ಮಂಗಲಾ, ಸರಿಯಾಗಿ ನೋಡದೆ.

"ಮಾರಾಕ ತಂದಿಲ್ಲರಿ. ಮಳಿ ಬಂತಂತ ಹೊತ್ಕೊಂಡೇನಿ."

"ಮತ್ತೇನ ಬೇಕಿತ್ತು?"

"ನಿಮ್ಮ ಲೆಕ್ಕ ಬೇಕಿತ್ತರಿ."

ಮಂಗಲಾ ಸರಕ್ಕನೆ ತಲೆಯೆತ್ತಿದಳು. ಅವನು ಕಂಬಳಿಯ ಮಡಿಕೆಯಿಂದ ಲ್ಯಾಪ್‌ಟಾಪನ್ನು ಹೊರಗೆಳೆಯುತ್ತಿದ್ದ. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವನು ಮಾತ್ರ ತೊಯ್ದು ತೊಪ್ಪೆಯಾಗಿದ್ದ!

"ನಾ ಮಾಳಿಂಗರಾಯ, ಚಿಮ್ಮಡದಾಂವ. ನಿಮ್ಮ ಲೆಕ್ಕಕ್ಕ ಎಐ ಏಜೆಂಟ್ ಕೂಡಸಾಕ ಚನಮಲ್ಲಪ್ಪ ಕಾಕಾರು ಬಾ ಅಂದಿದ್ರು."

"ಏಜೆಂಟ್ ಅಂದ್ರ? ದಲಾಲನೇನು?"

"ದಲಾಲಿ ಕೇಳಂಗಿಲ್ಲರಿ. ಹೇಳಿದ ಕೆಲಸ ಮಾಡೂ ಗುಮಾಸ್ತ ಅನ್ರಿ. ಪಗಾರಿಲ್ಲ, ಸೂಟಿ ಇಲ್ಲ, ಸಿಟ್ಟೂ ಇಲ್ಲ."

ಕೊನೆಯ ಮಾತು ತನಗೇ ಹೇಳಿದ್ದು ಎಂದು ಮಂಗಲಾಳಿಗೆ ಅನಿಸಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು.

'ಪಗಾರವಿಲ್ಲದ ಗುಮಾಸ್ತ ಬಂದರೆ... ನಾನು ಯಾತಕ್ಕೆ?'

ಮರುದಿನದಿಂದ ಮಾಳಿಂಗರಾಯ ದಿನಾ ಬಂದ. ಅವನ ಕೆಲಸ ನೋಡಿದರೆ ಕೆಲಸವೆಂದೇ ಅನಿಸುತ್ತಿರಲಿಲ್ಲ. ಬಣ್ಣವಿಲ್ಲದ, ಗುಂಡಿಯಿಲ್ಲದ ಒಂದು ಕಪ್ಪು ಕಿಟಕಿ ತೆರೆಯುತ್ತಿದ್ದ. ಅದರಲ್ಲಿ ಬಿಳಿ ಅಕ್ಷರದಲ್ಲಿ ಒಂದು ಸಾಲು ಟೈಪ್ ಮಾಡುತ್ತಿದ್ದ. ಅದು ಉತ್ತರವಾಗಿ ಹತ್ತು ಸಾಲು ಉಗುಳುತ್ತಿತ್ತು.

"ಇದೇನು, ರಾಹುಕಾಲ ಬಂದಂಗ ಕರ್ರಗ?" ಎಂದಳು ಮಂಗಲಾ.

"ಕಮಾಂಡ್ ಲೈನ್ ಅಂತಾರರಿ ಇದಕ್ಕ. ನಿಮ್ಮ ಸಾಫ್ಟ್‌ವೇರಿನ ಮುಂಬಾಗಲ ಮನಷ್ಯಾರಿಗಿ. ಇದು ಹಿತ್ತಲ ಬಾಗಲ. ಏಜೆಂಟ್ ಇಲ್ಲಿಂದ ಒಳಗ ಹೋಗಿ, ಲೆಕ್ಕ ಓದಿ, ಕೆಲಸ ಮಾಡಿ ಹೊರಗ ಬರ್ತೈತಿ."

"ಹಿತ್ತಲ ಬಾಗಲದಿಂದ ಬರೂದು ಕಳ್ಳರು."

"ಮನಿ ಹೆಣ್ಮಕ್ಕಳೂ ಬರ್ತಾರಲ್ರಿ!"

ಒಳಗಿನಿಂದ ರುಕ್ಮವ್ವ ನಕ್ಕಿದ್ದು ಕೇಳಿಸಿತು. ಮಂಗಲಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

ಸೊಕ್ಕಿನವನೆಂದುಕೊಂಡಿದ್ದಳು. ಹಾಗೇನೂ ಇರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಡುತ್ತಿದ್ದ. ಚಹಾ ಕೊಟ್ಟರೆ ಬಸಿಯಲ್ಲಿ ಸುರಿದುಕೊಂಡು ಸೊರ್ರನೆ ಕುಡಿಯುತ್ತಿದ್ದ. ಅವಳ ಲೆಕ್ಕ ನೋಡಿ ಒಮ್ಮೆ, "ಎಷ್ಟ ಚೊಕ್ಕ ಇಟ್ಟೀರಿ... ಏಜೆಂಟಿಗೆ ಕಲಸೂ ಕೆಲಸಾನ ಇಲ್ಲ ನನಗ," ಅಂದ. ಆ ಮಾತನ್ನು ಮಂಗಲಾ ಒಳಮನೆಯವರೆಗೂ ಕಟ್ಟಿಕೊಂಡು ಹೋದಳು. ಊಟಕ್ಕೆ ಕುಳಿತಾಗಲೂ ಬಿಚ್ಚಿ ನೋಡಿದಳು.

ಆದರೂ ಒಳಗೊಂದು ಹಟ. ಅವನ ಕಪ್ಪು ಕಿಟಕಿ ತನಗೂ ಬರುತ್ತದೆ ಎಂದು ತೋರಿಸಬೇಕು!

ಅದೇ ಹಟ ಮುಳುವಾಯಿತು.

ಅಂದು ಮಾಳಿಂಗರಾಯ ಏಜೆಂಟಿಗೆ ಒಂದು ಕೆಲಸ ಹೇಳಿದ್ದ. ಬಹಳ ದಿನದಿಂದ ಬಾಕಿ ಇರುವವರಿಗೆಲ್ಲ ನೆನಪಿನ ಸಂದೇಶ ಬರೆದಿಡು ಎಂದು. ಅಷ್ಟರಲ್ಲಿ ಚನಮಲ್ಲಪ್ಪನವರು ಚಹಾಕ್ಕೆ ಕರೆದರು.

"ಕಳಸಲೇ ಅಂತ ಕೇಳ್ತೈತರಿ ಅದು. ಒಪ್ಪಬ್ಯಾಡ್ರಿ. ನಾ ಬಂದ ಮ್ಯಾಲ ಇಬ್ರೂ ಕೂಡಿ ಓದೂಣು," ಎಂದು ಹೇಳಿಯೇ ಎದ್ದ.

ಕಪ್ಪು ಕಿಟಕಿಯಲ್ಲಿ ಹೆಸರುಗಳು ಇಳಿದವು. ಸಾಂಗ್ಲಿಯ ವ್ಯಾಪಾರಿ, ಕೊಲ್ಹಾಪುರದ ವ್ಯಾಪಾರಿ, ಸೊಲ್ಲಾಪುರದವರು... ಎಲ್ಲರೂ ಕೊಡಬೇಕಾದವರೇ. ಕೆಳಗೆ ಇನ್ನೂ ಉದ್ದ ಪಟ್ಟಿಯಿತ್ತು. ಮಂಗಲಾ ಇಳಿಸಿ ನೋಡಲಿಲ್ಲ.

'ಕಳುಹಿಸಲೇ? y / n'

'ಇಬ್ಬರೂ ಕೂಡಿ ಓದಬೇಕಂತೆ... ನನಗೆ ಓದಲು ಬರುವುದಿಲ್ಲವೇ?'

ವೈ ಒತ್ತಿದಳು.

ಸ್ವಲ್ಪ ಹೊತ್ತಿಗೆ ಬೀಳಗಿಯಿಂದ ಚಿಕ್ಕಪ್ಪನ ಮಗಳು ಮಾಲಾಳ ಫೋನು!

"ಏ ಮಂಗಲಾ, ನಿಮ್ಮಪ್ಪ ನನ್ನ ಮ್ಯಾಲ ಕೇಸ್ ಹಾಕ್ತಾನೇನ ಬೇ? 'ಮಾನ್ಯರೇ, ತಾವು ಪಡೆದ ಸೀರೆಗಳ ಹಣ ಕೂಡಲೇ ಪಾವತಿಸಿ' ಅಂತ ಬಂದೈತಿ! ಸೀರಿ ಉಟ್ಕೊಂಡ ನಿಂತೇನಿ, ಬಿಚ್ಚಿ ಕೊಡ್ಲೇನು?"

ಮಾಲಾ ಬಿದ್ದು ಬಿದ್ದು ನಗುತ್ತಿದ್ದಳು. ಮಂಗಲಾ ಥಟ್ಟನೆ ಪರದೆಯ ಕಡೆ ತಿರುಗಿದಳು. ಪಟ್ಟಿಯನ್ನು ಕೆಳಗಿಳಿಸಿದಳು. ವ್ಯಾಪಾರಿಗಳು ಮುಗಿದ ಮೇಲೆ... ಮಾಲಾ, ಶೇವಂತಿ, ಮುತ್ತವ್ವ, ಕಸ್ತೂರೆವ್ವ ಅತ್ತೆ... ತವರಿನ ಸೀರೆ ಉಟ್ಟ ಎಲ್ಲ ಹೆಣ್ಣುಮಕ್ಕಳೂ!

ಶೇವಂತಿಯೂ ನಕ್ಕಳು. ಮುತ್ತವ್ವ, "ಕಂತಿನ ಮ್ಯಾಲ ಕೊಡ್ತೀನಿ," ಎಂದು ಚಾಷ್ಟಿ ಮಾಡಿದಳು.

ಕಸ್ತೂರೆವ್ವ ನಗಲಿಲ್ಲ.

ಮುಧೋಳದ ಗಂಡನ ಮನೆಯಲ್ಲಿ ಅವಳ ಫೋನು ಸೊಸೆಯ ಕೈಯಲ್ಲಿತ್ತಂತೆ. ಅವಳು ಬೀಗರೆಲ್ಲ ಕುಳಿತಿದ್ದಾಗ ಸಂದೇಶವನ್ನು ಗಟ್ಟಿಯಾಗಿ ಓದಿಬಿಟ್ಟಿದ್ದಳು. ಕಸ್ತೂರೆವ್ವ ಫೋನು ಕಸಿದುಕೊಂಡು ಒಳಗೆ ಹೋಗಿ, ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕಳಿಸಿಬಿಟ್ಟಳು!

ಸಿಟ್ಟಿಲ್ಲದ ಗುಮಾಸ್ತನಿಗೆ ಇದೆಲ್ಲ ಏನು ಗೊತ್ತು? ಹಣ ಬಂದ ಕೂಡಲೇ ವಿನಯದಿಂದ ಉತ್ತರ ಕೊಟ್ಟಿತು.

'ಧನ್ಯವಾದಗಳು. ನಿಮ್ಮ ಖಾತೆ ಚುಕ್ತಾ ಆಗಿದೆ.'

ಪರದೆಯ ಮೇಲೆ ಕಸ್ತೂರೆವ್ವನ ಹೆಸರು. ಅದರ ಮುಂದೆ, ಆ ಮನೆಯ ಲೆಕ್ಕದಲ್ಲಿ ಎಂದೂ ಬೀಳದಿದ್ದ ಸೊನ್ನೆ.

ಚನಮಲ್ಲಪ್ಪನವರು ತಂಗಿಗೆ ಫೋನು ಹಚ್ಚಿದರು. ಎತ್ತಲಿಲ್ಲ. ಅವಳ ದನಿಯ ಸಂದೇಶವೊಂದು ಬಂತು. "ಅಣ್ಣಾ, ಕೊಟ್ಟು ಮುಗಿಸೇನಿ. ಪಂಚಮಿಗಿ ಕರಿಯಾಕ ಬರಬ್ಯಾಡ."

ಅವರು ಪರದೆಯ ಬಳಿ ಬಂದು ಆ ಸೊನ್ನೆಯ ಮೇಲೆ ಅಂಗೈ ಇಟ್ಟು ಮುಚ್ಚಿದರು. ಮಗುವಿನ ಗಾಯ ಮುಚ್ಚಿದಂತೆ.

"ಯಾರ ಕೆಲಸಿದು?"

ಮಂಗಲಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹಿಂದಿನಿಂದ ದನಿ ಬಂತು.

"ನಂದರಿ, ಕಾಕಾ," ಎಂದ ಮಾಳಿಂಗರಾಯ. "ಏಜೆಂಟ್ ಕಳಸಿದ್ದು. ಅದನ್ನ ಕೂಡಸಿದಾಂವ ನಾನು."

"ಹಂಗಾದ್ರ ನಿನ್ನ ಸಾಮಾನ ತಗೊಂಡು ನಡಿ ತಮ್ಮಾ. ಮತ್ತ ಈ ಬಾಗಲಕ್ಕ ಬರಬ್ಯಾಡ."

ಅವನು ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದ. "ಏಜೆಂಟಿಗೆ ಕೊಟ್ಟ ಪರವಾನಗಿ ತಗದೇನರಿ. ಇನ್ನ ನಿಮ್ಮ ಲೆಕ್ಕ ಅದು ಮುಟ್ಟಂಗಿಲ್ಲ." ಕಂಬಳಿ ಹೆಗಲಿಗೇರಿಸಿ ಮಳೆಗೆ ಇಳಿದ. ಹೋಗುವಾಗ ಮಂಗಲಾಳ ಕಡೆ ನೋಡಿದ. ಆ ನೋಟದಲ್ಲಿ ಒಂದಿಷ್ಟೂ ದೂರು ಇರಲಿಲ್ಲ.

ಅದನ್ನೇ ಅವಳಿಂದ ತಾಳಲಾಗಲಿಲ್ಲ...

ಪಂಚಮಿಗೆ ಉಂಡೆ ಕಟ್ಟಬೇಕಾದ ಮನೆಯಲ್ಲಿ ಬೆಲ್ಲದ ಡಬ್ಬಿಯನ್ನೂ ಯಾರೂ ತೆರೆಯಲಿಲ್ಲ. ಚನಮಲ್ಲಪ್ಪನವರು ತಾಟಿನ ಮುಂದೆ ಕುಳಿತು, ರೊಟ್ಟಿ ಮುರಿದು, ಹಾಗೇ ಬಿಟ್ಟು ಏಳುತ್ತಿದ್ದರು.

'ನನ್ನ ತಪ್ಪಿಗೆ ಅಪ್ಪ ಉಪವಾಸ, ಅತ್ತೆಗೆ ತವರಿಲ್ಲ, ಅವನಿಗೆ ಅಪವಾದ. ನಾನು ಮಾತ್ರ ಸುಖವಾಗಿ ಬಾಯಿ ಮುಚ್ಚಿಕೊಂಡಿದ್ದೇನೆ!'

ಮೂರನೆಯ ದಿನ ಮುಂಜಾನೆ ಹಸಿರು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಅಪ್ಪನ ಮುಂದೆ ನಿಂತಳು.

"ಅಪ್ಪಾ... ಅದನ್ನ ಒತ್ತಿದಾಕಿ ನಾನು. ಅವರು ಬ್ಯಾಡ ಅಂದಿದ್ರು. ನಾನ ಓದದ ಒತ್ತಿದೆ."

ಚನಮಲ್ಲಪ್ಪನವರು ಮಗಳ ಕಡೆ ತಿರುಗಿದರು.

"ಹಂಗಾದ್ರ ಆ ಹುಡುಗ ಯಾಕ ಬೈಸ್ಕೊಂಡ?"

ಮಂಗಲಾ ಚೀಲದ ಹಿಡಿ ಸರಿಮಾಡಿಕೊಂಡಳು. ಕಿವಿ ಮಾತ್ರ ಬೆಚ್ಚಗಾದವು.

"ಮುಧೋಳಕ್ಕ ಹೋಗಿ ಬರ್ತೀನಿ. ಅತ್ತಿ ಕಾಲ ಹಿಡೀತೀನಿ."

"ನಡಿ," ಎಂದರು ತಂದೆ. ಅವಳು ಹೊಸ್ತಿಲು ದಾಟುವಾಗ, "ಸೀರಿ ತೊಯ್ದೀತು, ಜ್ವಾಕಿ," ಅಂದರು.

ಬಸ್ಸು ಬನಹಟ್ಟಿಯಲ್ಲಿ ನಿಂತಿತು. ಹತ್ತಿದವರಲ್ಲಿ ಒಂದು ಕರಿ ಕಂಬಳಿ!

"ನೀವೆಲ್ಲಿಗಿ?" ಎಂದಳು ಮಂಗಲಾ, ತನ್ನ ದನಿ ಯಾಕಿಷ್ಟು ಜೋರಾಯಿತು ಎಂದು ತಾನೇ ನಾಚುತ್ತ.

ಮಾಳಿಂಗರಾಯ ಕಂಬಿ ಹಿಡಿದು ನಿಂತ. "ಮುಧೋಳಕ್ಕರಿ. ನಿಮ್ಮ ಅತ್ತಿಯಾರಿಗಿ ತಪ್ಪಾತು ಅನ್ನಾಕ."

"ತಪ್ಪ ನಿಮ್ದಲ್ಲ. ನಮ್ಮಪ್ಪಗ ಎಲ್ಲಾ ಹೇಳಿ ಬಂದೇನಿ."

"ಯಾಕ ಹೇಳಿದ್ರಿ?"

"ನೀವ್ಯಾಕ ಸುಳ್ಳ ಹೇಳಿದ್ರಿ?"

"ಸುಳ್ಳಲ್ಲರಿ. ಮೊದಲ ಓದಾಕಷ್ಟ ಪರವಾನಗಿ ಕೊಡಬೇಕಿತ್ತು. ಕಳಸಾಕೂ ಕೊಟ್ಟು ಚಾ ಕುಡಿಯಾಕ ಹೋದೆ. ಬಾಗಲ ತಗದಿಟ್ಟಾಂವ ನಾನು..." ಕಂಬಿಯ ಮೇಲಿನ ಹಿಡಿತ ಬದಲಿಸಿದ. "ಮತ್ತ ಅವತ್ತ ನಿಮ್ಮ ಮಾರಿ ನೋಡಿದೆ. ನೋಡಿದ ಮ್ಯಾಲ ಬ್ಯಾರೆ ಏನೂ ಹೇಳಾಕ ಆಗಲಿಲ್ಲ."

ಮಂಗಲಾ ಕಿಟಕಿಯಾಚೆ ಕಬ್ಬಿನ ತೋಟಗಳನ್ನು ನೋಡತೊಡಗಿದಳು. ಕಿಟಕಿಯಿಂದ ಇರಚಲು ಹೊಡೆಯಿತು. ಅವನು ಹೆಗಲಿನ ಕಂಬಳಿ ತೆಗೆದು ಅವಳ ಕಡೆ ಚಾಚಿದ.

"ನನಗ ಬ್ಯಾಡ."

"ನಿಮಗಲ್ಲರಿ, ಸೀರಿಗಿ."

ಅವಳಿಗೆ ನಗು ಬಂದೇಬಿಟ್ಟಿತು. ಚೀಲಕ್ಕೆ ಕಂಬಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಕುರಿಯ ಉಣ್ಣೆಯ ವಾಸನೆ, ಮಳೆಯ ವಾಸನೆ... ಮುಧೋಳ ಇನ್ನಷ್ಟು ದೂರವಿರಬಾರದೇ ಅನಿಸಿತು.

ಕಸ್ತೂರೆವ್ವ ಬಾಗಿಲಲ್ಲೇ ನಿಂತಿದ್ದಳು. ಸೊಂಟದ ಮೇಲೆ ಕೈ.

"ಏನ ಮಂಗಲಾ, ಬಡ್ಡಿ ವಸೂಲಿಗಿ ಬಂದಿಯೇನು? ಜೋಡೀಲೆ ಆಳ ಬ್ಯಾರೆ ಕರಕೊಂಡ ಬಂದಿ!"

"ತಪ್ಪ ನಂದು!" ಇಬ್ಬರೂ ಒಟ್ಟಿಗೇ ಅಂದರು.

"ಕಳಸಿದಾಕಿ ನಾನು, ಅತ್ತಿ. ಓದದ ಒತ್ತಿದೆ."

"ಬಾಗಲ ತಗದಿಟ್ಟಾಂವ ನಾನ್ರಿ, ಅತ್ತಿಯಾರ."

"ನೀವು ಸುಮ್ಮಕಿರ್ರಿ ಅಂದ್ರ."

"ನೀವ ಸುಮ್ಮಕಿರ್ರಿ."

"ಇಬ್ರೂ ಸುಮ್ಮಕಿರ್ರಿ!" ಕಸ್ತೂರೆವ್ವ ಗದರಿದಳು. "ರೊಕ್ಕ ನಂದು ನಂದು ಅಂತ ಜಗಳಾಡೂ ಮಂದೀನ ಕಂಡೇನಿ. ತಪ್ಪ ನಂದು ನಂದು ಅಂತ ಜಗಳಾಡೂರನ್ನ ಇವತ್ತ ಕಂಡೆ. ಒಳಗ ಬರ್ರಿ, ಓಣಿ ನೋಡಾಕತ್ತೈತಿ."

ಪಡಸಾಲೆಯಲ್ಲಿ ಕುಳಿತು ಮಂಗಲಾ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಕಸ್ತೂರೆವ್ವನ ಗದರಿಕೆ ಇಳಿಯಿತು.

"ಅಂದ್ರ... ಅಣ್ಣ ಬರದಿದ್ದಲ್ಲ?"

"ಅಪ್ಪಗ ಗೊತ್ತ ಇರಲಿಲ್ಲ ಅತ್ತಿ. ನಿನ್ನ ಹೆಸರಿನ ಮುಂದ ಸೊನ್ನಿ ಕಂಡು ಅದರ ಮ್ಯಾಲ ಕೈ ಮುಚ್ಚಿದ. ಆವಾಗಿಂದ ತಾಟಿನ ಮುಂದ ಕೂಡ್ತಾನ, ಏಳ್ತಾನ."

"ಹುಚ್ಚ ಅಣ್ಣ..." ಎಂದಳು ಕಸ್ತೂರೆವ್ವ. ಸೆರಗು ಕಣ್ಣಿಗೆ ಹೋಯಿತು. "ನಾನೂ ಹುಚ್ಚೀನ. ತವರಿನ ಬಾಕಿ ಯಾರರೆ ತೀರಸ್ತಾರೇನು?"

ಮಂಗಲಾ ಕಂಬಳಿ ಬಿಚ್ಚಿ ಸೀರೆಯನ್ನು ಅತ್ತೆಯ ಉಡಿಗಿಟ್ಟಳು. ಅದರ ಮಡಿಕೆ ಬೆಚ್ಚಗಿತ್ತು.

"ಆ ಸೊನ್ನಿ ತಗೀಬೇಕಲ್ಲ?" ಎಂದಳು ಮಾಳಿಂಗರಾಯನ ಕಡೆ ತಿರುಗಿ.

ಅವನು ಲ್ಯಾಪ್‌ಟಾಪು ತೆರೆದ. ಕಪ್ಪು ಕಿಟಕಿ. "ಪರವಾನಗಿ ತಗದೇನಲ್ರಿ. ಮತ್ತ ಕೊಡೂದಿದ್ರ ನೀವ ಕೊಡಬೇಕು. ನಿಮ್ಮ ಫೋನಿಗೆ ಕೇಳ್ತೈತಿ. ಕೊಡದಿದ್ರೂ ನಡೀತೈತರಿ, ನಾ ಬ್ಯಾಸರ ಮಾಡ್ಕೊಳಂಗಿಲ್ಲ."

ಅವಳ ಫೋನಿನಲ್ಲಿ ಪ್ರಶ್ನೆ ಮೂಡಿತು. ಮಂಗಲಾ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಒಪ್ಪಿದಳು.

ಕಸ್ತೂರೆವ್ವನ ಹೆಸರಿಗೆ ಒಂದು ಹಸಿರು ಸೀರೆಯ ಬಿಲ್ಲು ಬರೆ ಎಂದು ಏಜೆಂಟಿಗೆ ಅವಳೇ ಹೇಳಿದಳು. ಅದು ಬರೆದು ಕೇಳಿತು. ಈ ಸಲ ಮಂಗಲಾ ಗಟ್ಟಿಯಾಗಿ ಓದಿದಳು.

"'ಕಸ್ತೂರೆವ್ವ, ಮುಧೋಳ. ಹಸಿರು ಸೀರೆ, ಕೆಂಪು ದಡಿ. ಪೂರ್ತಿ ಬೆಲೆ ಬಾಕಿ. ಬರೆಯಲೇ?' ಬರೀಲೇನ ಅತ್ತಿ?"

"ಬರಿ ಬರಿ! ಲಗೂನ ಬರಿ!"

ಸೊನ್ನೆ ಹೋಯಿತು. ಕಸ್ತೂರೆವ್ವ ಹೊಸ ಬಾಕಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಚಹಾಕ್ಕಿಡಲು ಎದ್ದಳು. ಏಳುವಾಗ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದಳು. ನೇಕಾರರ ಮನೆಯ ಕೈ ಅದು, ಸುಮ್ಮನಿರುವುದಿಲ್ಲ.

"ಗಟ್ಟಿ ನೇಯ್ಗಿ. ಯಾರದು ತಮ್ಮಾ?"

"ನಮ್ಮವ್ವ ಸುಂದರವ್ವ ನೂತಿದ್ದು, ನಮ್ಮಪ್ಪ ನೇದಿದ್ದರಿ. ಕುರಿ ಕಾಯೂ ಮನಿ ನಮ್ದು. ಬೀರೇಶ್ವರನ ಒಕ್ಕಲು."

ಕಸ್ತೂರೆವ್ವ ಅವನನ್ನು ನೋಡಿದಳು. ಮಂಗಲಾಳನ್ನು ನೋಡಿದಳು. ಸೀರೆಗೆ ಸುತ್ತಿಕೊಂಡು ಬಂದ ಕಂಬಳಿಯನ್ನು ಇನ್ನೊಮ್ಮೆ ನೋಡಿದಳು.

"ನಾ ಕೊಟ್ಟ ರೊಕ್ಕ ಅಣ್ಣನ ಹಂತೇಕ ಇರಲಿ," ಎಂದಳು ನಿಧಾನವಾಗಿ. "ತಿರುಗಿ ಕೊಡಬ್ಯಾಡ ಅಂತ ಹೇಳು. ಈಗ ಅವ ನನಗ ಬಾಕಿದಾರ. ಮುಂದ ಒಂದಿನ ನಾ ಅವಗ ಒಂದ ಮಾತ ಕೇಳ್ತೀನಿ. ಕುಲ ಗಿಲ ಅಂತ ಕೊಸರಾಡಾಕ ಹೊಂಟ್ರ, ಆ ಬಾಕಿ ನೆನಪ ಮಾಡ್ತೀನಿ."

"ಏನ ಮಾತ ಅತ್ತಿ?"

"ನಿನ್ನ ಮಾರಿ ನೋಡ್ಕೋ ಹೋಗು ಕನ್ನಡ್ಯಾಗ. ಅದರಾಗ ಬರದೈತಿ!"

ಪಂಚಮಿಯ ದಿನ ಚನಮಲ್ಲಪ್ಪನವರು ತಾವೇ ಹೋಗಿ ತಂಗಿಯನ್ನು ಕರೆತಂದರು. ಹಣ ತಿರುಗಿ ಕೊಡಲು ಹೋದರೆ ಕಸ್ತೂರೆವ್ವ ಕೈ ಹಿಂದಕ್ಕೆಳೆದುಕೊಂಡಳು. "ಇಟ್ಕೋ ಅಣ್ಣಾ. ವಸೂಲಿ ಹೆಂಗ ಮಾಡಬೇಕು ನನಗ ಗೊತ್ತೈತಿ." ಅಣ್ಣನಿಗೆ ತಿಳಿಯಿತೋ ಇಲ್ಲವೋ, ಮಾಳಿಂಗರಾಯನಿಗೆ ಮಾತ್ರ ತಾವೇ ಫೋನು ಮಾಡಿ, "ಉಂಡಿ ತಿನ್ನಾಕ ಬಾ ತಮ್ಮಾ. ಹಂಗ ಆ ಗುಮಾಸ್ತಗ ಒಂದೀಟ ಬುದ್ಧಿ ಹೇಳಿ ಹೋಗು," ಅಂದಿದ್ದರು.

ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಕಸ್ತೂರೆವ್ವ ಹಸಿರು ಸೀರೆಯುಟ್ಟು ಜೀಕುತ್ತಿದ್ದಳು. ಮಾಲಾ ದೂಡುತ್ತಿದ್ದಳು, "ಬಾಕಿದಾರ್ರು ಸಾವಕಾಶ ಜೀಕಬೇಕ್ರಿ!" ಎನ್ನುತ್ತ.

ಅಂಗಡಿಯಲ್ಲಿ ಮಾಳಿಂಗರಾಯ ಕಪ್ಪು ಕಿಟಕಿಯ ಮುಂದೆ ಕುಳಿತಿದ್ದ. ಕೈಯಲ್ಲಿ ಅರ್ಧ ಶೇಂಗಾ ಉಂಡೆ. ಪಕ್ಕದಲ್ಲಿ ಮಂಗಲಾ.

"ಮನಿ ಹೆಣ್ಮಕ್ಕಳ ಪಟ್ಟಿ ಬ್ಯಾರೆ ಮಾಡೇನ್ರಿ," ಎಂದ. "ಇದರಾಗ ಹೆಸರ ಇದ್ದವರ್ನ ಏಜೆಂಟ್ ಎಂದೂ ರೊಕ್ಕ ಕೇಳಂಗಿಲ್ಲ. ಬಾಕಿ ಹಂಗ ಬೆಳಕೋತ ಹೋಗ್ತೈತಿ. ಎಲ್ಲಾರೂ ಬಂದ್ರಿಲ್ಲೋ ನೋಡ್ರಿ."

ಮಂಗಲಾ ಒಂದೊಂದೇ ಹೆಸರು ಓದಿದಳು. ಕೊನೆಗೆ ಬಂದು ನಿಂತಳು. ಎದೆ ಪಾವರ್‌ಲೂಮಿನಂತೆ ಬಡಿಯುತ್ತಿತ್ತು.

"ಒಂದ ಹೆಸರ ಸೇರಸಬೇಕಾಗ್ತೈತಿ. ಈಗಲ್ಲ... ಮುಂದಿನ ಪಂಚಮಿಗಿ."

"ಯಾರ್ದರಿ?"

"ನಂದು."

ಉಂಡೆ ಅವನ ಕೈಯಲ್ಲೇ ಉಳಿಯಿತು. ಈ ಪಟ್ಟಿಗೆ ಬರುವವರು ಗಂಡನ ಮನೆಗೆ ಹೋದವರು ಮಾತ್ರ!

ಅವನು ದನಿ ಕೆಳಗಿಳಿಸಿ ಕೇಳಿದ. "ಊರು... ಏನಂತ ಹಾಕ್ಲಿ?"

"ಚಿಮ್ಮಡ."

ಹಿತ್ತಲಲ್ಲಿ ಜೋಕಾಲಿಯ ಹಗ್ಗ ಕಿರ್ರೆಂದಿತು. ಮಾಳಿಂಗರಾಯ ಕೀಲಿಗಳ ಕಡೆ ನೋಡಿದ, ಅವಳ ಕಡೆ ನೋಡಿದ, ಮತ್ತೆ ಕೀಲಿಗಳ ಕಡೆ ನೋಡಿದ.

"ಫೋನ್ ನಂಬರ ಬೇಕಲ್ರಿ?"

"ನಿಮ್ದ ಹಾಕ್ರಿ."

ಅವನು ಬರೆದ. ಕಪ್ಪು ಕಿಟಕಿ ಎಂದಿನಂತೆ ಕೇಳಿತು, ಬರೆದಿಡಲೇ ಎಂದು. ಅವನ ಬೆರಳು ವೈ ಕಡೆಗೆ ಹೋಯಿತು.

ಮಂಗಲಾ ಆ ಕೈ ಹಿಡಿದಳು.

"ಓದದ ಒತ್ತಬ್ಯಾಡ್ರಿ. ಇಬ್ರೂ ಕೂಡಿ ಓದೂಣು."